ಬೆಕ್ಕಿಗೆ ಹತ್ತಿದ ಕಹಿ

ನಮ್ಮ ಯಾತ್ರಿನಿವಾಸದಲ್ಲಿ ಊಟದ ವಿಷಯಕ್ಕೆ ಶರಣಬಸಮ್ಮನ ನಾಲಿಗೆ ಹೇಳಿದ್ದೇ ಕೊನೆಯ ತೀರ್ಪು, ಅದರ ಮೇಲೆ ಅಪೀಲಿಲ್ಲ. ಬೀದರ, ಕಲಬುರಗಿ, ರಾಯಚೂರು ಕಡೆಯಿಂದ ಬಂದ ಯಾತ್ರಿಕರಲ್ಲಿ ಯಾರಾದರೂ ಸಾರಿಗೆ ಹುಳಿ ಜಾಸ್ತಿಯಾಯಿತೇನೋ ಎಂದು ಗೊಣಗಿದರೆ ಆಕೆ ಒಳಗಿನಿಂದ ಬಂದು, ಒಂದು ಹನಿ ಅಂಗೈಗೆ ಹಾಕಿಕೊಂಡು ನೆಕ್ಕಿ, ಬರೋಬ್ಬರಿ ಅದ ಎಂದು ಹೇಳಿ ಹೋಗಿಬಿಡುತ್ತಾಳೆ. ಅಲ್ಲಿಗೆ ಮುಗಿಯಿತು. ಹುಳಿ ಎಂದವನು ತನ್ನ ಬಾಯಿಯೇ ಕೆಟ್ಟಿರಬೇಕೆಂದುಕೊಂಡು ಸುಮ್ಮನೆ ಉಣ್ಣುತ್ತಾನೆ. ನಾನು ಈ ನಿವಾಸದ ಮ್ಯಾನೇಜರು, ಹೆಸರು ಅಮರಯ್ಯ, ಹುಟ್ಟಿ ಬೆಳೆದದ್ದೆಲ್ಲ ಕಾಶಿಯ ಇದೇ ಹನುಮಾನ್ ಘಾಟಿನ ಗಲ್ಲಿಯಲ್ಲಿ. ನನ್ನ ಮಾತನ್ನು ಈ ಕಟ್ಟಡದಲ್ಲಿ ನೀರಿನ ಪಂಪು ಕೂಡ ಕೇಳುವುದಿಲ್ಲ.

ಆಕೆಗೆ ನಾನು ಮಗನ ವಯಸ್ಸಿನವನು, ಅವ್ವ ಎನ್ನುತ್ತೇನೆ. ಅವ್ವನಿಗೆ ಬಹುವಚನ ಹಚ್ಚುವ ರೂಢಿ ನಮ್ಮಲ್ಲಿಲ್ಲ, ಹಾಗಾಗಿ ಇಲ್ಲೂ ಹಚ್ಚುವುದಿಲ್ಲ. ಆಕೆಯದು ಆಳಂದ ಕಡೆಯ ಒಂದು ಹಳ್ಳಿ. ಗಂಡ ಪ್ರಭುಲಿಂಗಯ್ಯನವರು ಸರ್ಕಾರಿ ಬಸ್ಸಿನ ಕಂಡಕ್ಟರಾಗಿದ್ದವರು. ಕೊನೆಯ ಬಸ್ಸು ಊರಲ್ಲೇ ತಂಗುತ್ತಿದ್ದ ಕಾಲದಲ್ಲಿ ಡ್ರೈವರನ್ನು, ಮುಂದಿನ ಊರಿಗೆ ಹೋಗಲಾಗದೆ ಉಳಿದ ಪ್ರಯಾಣಿಕರನ್ನು ಹೇಳದೆ ಕೇಳದೆ ಮನೆಗೆ ಊಟಕ್ಕೆ ಕರೆತರುತ್ತಿದ್ದರಂತೆ. ಇದ್ದ ಹಿಟ್ಟಿನಲ್ಲಿ ಹತ್ತು ಜನಕ್ಕೆ ರೊಟ್ಟಿ ಬಡಿಯುವುದನ್ನು ಆಕೆ ಹಾಗೆ ಕಲಿತದ್ದು. ಒಬ್ಬಳೇ ಮಗಳನ್ನು ಹುಮನಾಬಾದಿಗೆ ಮದುವೆ ಮಾಡಿಕೊಟ್ಟು, ನೌಕರಿ ಮುಗಿದ ಮೇಲೆ ಇಬ್ಬರೂ ಕಾಶಿಗೆ ಬಂದರು. ಮಠದ ದರ್ಶನ ಮಾಡಿ ವಾಪಸು ಹೋಗುವವರೇ. ಆ ವಾರ ನಮ್ಮ ಅಡುಗೆಯವನು ಜ್ವರ ಬಂದು ಮಲಗಿದ್ದ, ಶರಣಬಸಮ್ಮ ಒಂದು ಹೊತ್ತಿಗೆಂದು ಒಲೆ ಹಿಡಿದಳು. ಬಿಡಲಿಲ್ಲ. ಜ್ವರ ಬಿಟ್ಟು ಎದ್ದ ಅಡುಗೆಯವನು ಬೇರೆ ಕೆಲಸ ನೋಡಿಕೊಳ್ಳಬೇಕಾಯಿತು.

ಆಕೆ ಅಡುಗೆ ಮಾಡುವಾಗ ರುಚಿ ನೋಡುವುದಿಲ್ಲ. ಲಿಂಗಕ್ಕೆ ತೋರಿಸದ್ದನ್ನು ಬಾಯಿಗೆ ಹಾಕುವಂತಿಲ್ಲ, ಆದ್ದರಿಂದ ಉಪ್ಪು, ಹುಳಿ, ಖಾರ ಎಲ್ಲ ವಾಸನೆಯ ಮೇಲೆ, ಕುದಿಯುವ ಸಪ್ಪಳದ ಮೇಲೆ. ಪೂಜೆಯಾದ ಮೇಲೆ ಮೊದಲ ಹನಿ ಆಕೆಯ ಅಂಗೈಗೆ. ಆ ಹನಿಯಲ್ಲಿ ತಪ್ಪು ಸಿಕ್ಕಿದ್ದನ್ನು ನಾನು ನೋಡಿಲ್ಲ. ಹೀಗಾಗಿ ತನ್ನ ನಾಲಿಗೆ ಎಲ್ಲರ ಪರವಾಗಿಯೂ ಕೆಲಸ ಮಾಡುತ್ತದೆಂದು ಆಕೆ ನಂಬಿದ್ದರೆ ತಪ್ಪೇನು, ನಾವೆಲ್ಲ ಹಾಗೇ ನಂಬಿದ್ದೆವು.

ಒಬ್ಬರು ಮಾತ್ರ ನಂಬಿರಲಿಲ್ಲ. ಅವರು ಪ್ರಭುಲಿಂಗಯ್ಯನವರು, ಅದೂ ಒಂದೇ ಒಂದು ವಿಷಯದಲ್ಲಿ. ಶರಣಬಸಮ್ಮನಿಗೆ ಹಾಗಲಕಾಯಿ ಎಂದರೆ ಪ್ರಾಣ. ತೆಳ್ಳಗೆ ಹೆಚ್ಚಿ, ಗುರೆಳ್ಳು ಪುಡಿ ಹಾಕಿ ಗರಿಗರಿಯಾಗಿ ಹುರಿಯುತ್ತಾಳೆ, ಕಹಿ ಎಲ್ಲಿದೆ ತೋರಿಸಿ ಎನ್ನುತ್ತಾಳೆ. ಕಹಿ ಅದ ಎಂದು ಇವರು, ಇಲ್ಲ ಎಂದು ಆಕೆ. ಮದುವೆಯಾದ ವರ್ಷ ಶುರುವಾದ ಈ ಜಗಳವನ್ನು ಇವರು ಕಾಶಿಯಲ್ಲಿ ಮುಗಿಸಲು ನೋಡಿದರು. ಕಾಶಿಗೆ ಬಂದವರು ತಮಗೆ ಇಷ್ಟವಾದ ಒಂದು ತಿನಿಸನ್ನು ಗಂಗೆಯಲ್ಲಿ ಬಿಟ್ಟು ಹೋಗಬೇಕೆಂಬ ರೂಢಿ ನಿಮಗೂ ಗೊತ್ತಿರಬಹುದು. ಬಂದ ಮೊದಲ ದಿನ ಎದೆಮಟ್ಟದ ನೀರಿನಲ್ಲಿ ನಿಂತು ಶರಣಬಸಮ್ಮ ಮಾವಿನಹಣ್ಣು ಬಿಟ್ಟೆ ಎಂದಳು. ಪಕ್ಕದಲ್ಲಿದ್ದ ಪ್ರಭುಲಿಂಗಯ್ಯನವರು ಬಸ್‌ಸ್ಟ್ಯಾಂಡಿನಲ್ಲಿ ಊರ ಹೆಸರು ಕೂಗುವ ದನಿಯಲ್ಲಿ ಹಾಗಲಕಾಯಿ ಬಿಟ್ಟೆ ಎಂದರು. ಸುತ್ತ ಸ್ನಾನ ಮಾಡುತ್ತಿದ್ದವರೆಲ್ಲ ನಕ್ಕರು. ಆಕೆ ಮಾತ್ರ ನಗಲಿಲ್ಲ.

ಅದು ಚಳಿಗಾಲ. ಬೇಸಿಗೆ ಬಂದು ಈ ಊರಿನ ಲಂಗಡಾ ಮಾವು ತಳ್ಳುಗಾಡಿಗಳಲ್ಲಿ ಘಮ್ಮೆಂದಾಗ ತಾನು ಎಂಥದನ್ನು ಬಿಟ್ಟೆನೆಂದು ಆಕೆಗೆ ತಿಳಿಯಿತು. ಆಗಿನಿಂದ ಪ್ರತಿ ಬೇಸಿಗೆಯಲ್ಲೂ ಗಂಡನಿಗೆ ಗಂಗೆಯ ಮುಂದೆ ಮೋಸ ಮಾಡಿದ ಮನುಷ್ಯ ಎಂಬ ಬಿರುದು ಸಿಗುತ್ತದೆ. ಅವರು ಅದನ್ನು ಕೇಳಿಸಿಕೊಳ್ಳುತ್ತ ಮಾವು ತಿನ್ನುತ್ತಾರೆ.

ಇನ್ನು ಬೆಕ್ಕು. ಅದು ಬೇರೆ ಯಾರದೂ ಅಲ್ಲ, ಪ್ರಭುಲಿಂಗಯ್ಯನವರದು. ಬೂದಿ ಬಣ್ಣ, ಬಾಲದ ತುದಿ ಬಿಳಿ. ಯಾವ ಕೋಣೆಯ ಬಾಗಿಲು ತೆರೆದರೂ ಒಳಗೆ ಬಂದು ಒಬ್ಬೊಬ್ಬರ ಮುಖವನ್ನೂ ನೋಡಿ ಹೊರಗೆ ಹೋಗುತ್ತದೆ. ಟಿಕೆಟ್ ತಪಾಸಣೆಯ ಸಾಹೇಬರು ಬಸ್ಸು ಹತ್ತಿದ ಹಾಗೆ ಕಂಡಿತೇನೋ, ಅವರು ಅದಕ್ಕೆ ಚೆಕಿಂಗ್ ಎಂದು ಹೆಸರಿಟ್ಟರು. ಚೆಕಿಂಗ್ ನಮ್ಮಲ್ಲಿ ಹಾಲು, ತುಪ್ಪದ ಅನ್ನ ತಿನ್ನುತ್ತದೆ. ಘಾಟಿಗೆ ಹೋಗಿ ದೋಣಿಯವರ ಹತ್ತಿರ ಏನು ತಿಂದು ಬರುತ್ತದೆಂದು ನಾವು ವಿಚಾರಿಸುವುದಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಕಳೆದ ಚಳಿಗಾಲದಲ್ಲಿ ಪ್ರಭುಲಿಂಗಯ್ಯನವರಿಗೆ ರಕ್ತದೊತ್ತಡ ಹೆಚ್ಚಾಗಿ ತಲೆಸುತ್ತು ಬಂತು. ಇಲ್ಲಿನ ಲಂಕಾ ಬಡಾವಣೆಯ ಒಂದು ದವಾಖಾನೆಯಲ್ಲಿ ತೋರಿಸಿ ಮಾತ್ರೆ ತಂದರು. ತಲೆಸುತ್ತು ನಿಂತಿತು, ಆದರೆ ಊಟವೂ ನಿಲ್ಲತೊಡಗಿತು. ಮೊದಲು ಸಾರು ಬೇಡವೆಂದರು, ಆಮೇಲೆ ಪಲ್ಯ, ಆಮೇಲೆ ರೊಟ್ಟಿಯ ಅರ್ಧ. ಎಲ್ಲಾ ಕಹಿ ಎನ್ನುವುದು ಅವರ ದೂರು. ಶರಣಬಸಮ್ಮ ಅವರ ತಟ್ಟೆಯಿಂದಲೇ ತೆಗೆದು ನೆಕ್ಕಿ ನೋಡುವಳು, ಕಹಿ ಇಲ್ಲವೇ ಇಲ್ಲ ಎನ್ನುವಳು. ಅಕ್ಕಪಕ್ಕದವರಿಗೂ ಅದೇ ಪಲ್ಯ ಬಡಿಸಿದೆ, ಅವರೆಲ್ಲ ಇನ್ನೊಮ್ಮೆ ಹಾಕಿಸಿಕೊಂಡು ಉಂಡಿದ್ದಾರೆ. ಸಾಕ್ಷಿಗಳೆಲ್ಲ ಆಕೆಯ ಕಡೆ.

ಊಟ ಕಡಿಮೆಯಾದದ್ದಷ್ಟೇ ಆಗಿದ್ದರೆ ಆಕೆ ಸಹಿಸುತ್ತಿದ್ದಳು. ಪ್ರಭುಲಿಂಗಯ್ಯನವರು ತಟ್ಟೆಯಲ್ಲಿ ಒಂದು ಅಗುಳು ಬಿಟ್ಟವರಲ್ಲ. ಲಿಂಗಕ್ಕೆ ತೋರಿಸಿದ್ದು ಪ್ರಸಾದ, ಅದನ್ನು ಚೆಲ್ಲಬಾರದೆಂದು ಉಂಡ ಮೇಲೆ ತಟ್ಟೆಗೆ ನೀರು ಹಾಕಿ ತೊಳೆದು ಆ ನೀರನ್ನೂ ಕುಡಿಯುವವರು. ಅಂಥವರು ಅರ್ಧ ತಟ್ಟೆ ಹಾಗೇ ಬಿಟ್ಟು ಏಳತೊಡಗಿದರು. ಅಂಗಿಯ ಕಾಲರು ಕುತ್ತಿಗೆಗೆ ದೊಡ್ಡದಾಯಿತು. ಮೆಟ್ಟಿಲು ಹತ್ತುವಾಗ ಗೋಡೆ ಹಿಡಿಯುತ್ತಿದ್ದರು.

ಆಕೆಗೆ ಬೇರೆಯೇ ಹೆದರಿಕೆ ಹೊಕ್ಕಿತ್ತು. ಇದೇ ನಿವಾಸದ ಮೂಲೆಯ ಕೋಣೆಯಲ್ಲಿ ಬಸವಕಲ್ಯಾಣದ ಕಡೆಯ ಒಬ್ಬ ಮುದುಕರಿದ್ದರು. ಕಾಶಿಯಲ್ಲೇ ಪ್ರಾಣ ಹೋಗಬೇಕೆಂದು ಬಂದವರು. ಒಂದು ದಿನ ಬಾಯಿಗೆ ರುಚಿಯಿಲ್ಲ ಎಂದರು, ಮಾರನೆಯ ದಿನ ಗಂಜಿ ಸಾಕು ಎಂದರು, ಆಮೇಲೆ ನೀರು ಮಾತ್ರ. ಯಾರಿಗೂ ತೊಂದರೆ ಕೊಡದೆ, ಯಾರ ಮಾತನ್ನೂ ಕೇಳದೆ ಹೋದರು. ಕೊನೆಯ ಗಂಜಿ ಒಯ್ದದ್ದು ಶರಣಬಸಮ್ಮನೇ, ವಾಪಸು ತಂದದ್ದೂ ಆಕೆಯೇ. ಈಗ ಗಂಡನ ಮಾತಿನಲ್ಲಿ ಆಕೆಗೆ ಆ ಮುದುಕರ ಮಾತೇ ಕೇಳಿಸುತ್ತಿತ್ತು. ಕಹಿ ಎನ್ನುವುದು ನೆವ, ಮನಸ್ಸಿನಲ್ಲಿ ಬೇರೆ ನಿರ್ಧಾರ ಮಾಡಿದ್ದಾರೆ ಎಂದು ಆಕೆ ಗಟ್ಟಿ ಮಾಡಿಕೊಂಡುಬಿಟ್ಟಿದ್ದಳು. ಒಂದು ಬೆಳಿಗ್ಗೆ ಹಿಟ್ಟು ನಾದುತ್ತಿದ್ದವಳು ಕೈ ನಿಲ್ಲಿಸಿ ನನಗೆ ಹೇಳಿದಳು.

"ಅಮರಯ್ಯಾ, ಇವರು ನನ್ನ ಬಿಟ್ಟು ಹೋಗೋ ತಯಾರಿ ನಡಿಸ್ಯಾರ. ಇಷ್ಟು ವರ್ಷ ಜೋಡೀಲೆ ಬಂದು, ಈಗ ನನ್ನೊಬ್ಬಾಕಿನ್ನೇ ನಡುದಾರ್ಯಾಗ ಇಳಿಸಿ ಹೋಗ್ತಾರೇನು?"

ಇನ್ನೊಮ್ಮೆ ಡಾಕ್ಟರಿಗೆ ತೋರಿಸೋಣವೆಂದೆ. ನಾನು ಪುರುಸೊತ್ತು ಮಾಡಿಕೊಳ್ಳುವಷ್ಟರಲ್ಲಿ ಆಕೆಯೇ ಕರೆದುಕೊಂಡು ಹೋಗಿ ಬಂದಳು. ಪ್ರಭುಲಿಂಗಯ್ಯನವರಿಗೆ ಇಷ್ಟು ವರ್ಷವಾದರೂ ಹಿಂದಿ ಬರುವುದಿಲ್ಲ, ಚಹಾ ಕೇಳುವಷ್ಟು ಮಾತ್ರ. ಅವರ ಹಿಂದಿಯೆಲ್ಲ ಹೆಂಡತಿಯೇ. ಸಂತೆಯಲ್ಲಿ ತರಕಾರಿಯವರ ಜೊತೆ ಜಗಳವಾಡಿ ಕಲಿತ ಆಕೆಯ ಹಿಂದಿ ಬಲು ಚೂಪು. ಡಾಕ್ಟರು ಏನು ತೊಂದರೆ ಎಂದು ಕೇಳಿದರಂತೆ, ಇವರು ಕನ್ನಡದಲ್ಲಿ ಹೇಳಿದರಂತೆ, ಆಕೆ ಹಿಂದಿ ಮಾಡಿದಳಂತೆ. ಏನು ಹೇಳಿದೆ ಎಂದು ಕೇಳಿದರೆ, ಊಟ ಮಾಡುವುದಿಲ್ಲ, ಹಟ ಮಾಡುತ್ತಾರೆ ಎಂದು ಹೇಳಿದೆನೆಂದಳು. ಡಾಕ್ಟರು ವಯಸ್ಸಾದವರಲ್ಲಿ ಹೀಗಾಗುತ್ತದೆಂದು ಒಂದು ಟಾನಿಕ್ ಬರೆದಿದ್ದರು. ಅದನ್ನು ಬಾಯಿಗೆ ಹಾಕಿಕೊಂಡ ಪ್ರಭುಲಿಂಗಯ್ಯನವರು ಇದೂ ಕಹಿ ಎಂದರು. ಆಕೆ ಒಂದು ಚಮಚ ಕುಡಿದು ನೋಡಿದಳು, ಸಕ್ಕರೆ ಪಾಕದ ಹಾಗಿತ್ತಂತೆ. ಅಲ್ಲಿಗೆ ಗಂಡ ಸುಳ್ಳು ಹೇಳುತ್ತಾರೆಂಬುದರಲ್ಲಿ ಸಂಶಯ ಉಳಿಯಲಿಲ್ಲ.

ಇಂಥ ಹೊತ್ತಿನಲ್ಲಿ ಚೆಕಿಂಗ್‌ಗೆ ಹೊಟ್ಟೆ ಕೆಟ್ಟಿತು.

ನಮ್ಮಲ್ಲಿಗೆ ಭಾನುವಾರ ರೊಟ್ಟಿ ತಿನ್ನಲು ಬರುವವರಲ್ಲಿ ಧನ್ಯಾ ಎಂಬ ಹುಡುಗಿಯೊಬ್ಬಳು. ದಾವಣಗೆರೆಯವಳು, ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಪಶುವೈದ್ಯ ಕಲಿಸುತ್ತಾಳೆ, ಅಸ್ಸಿ ಘಾಟಿನ ಹತ್ತಿರ ಬಾಡಿಗೆ ಮನೆ. ಹುಡುಗಿ ಎನ್ನುತ್ತೇನೆ, ಡಾಕ್ಟರು. ಬೆಕ್ಕಿನ ಹೊಟ್ಟೆ ಒತ್ತಿ ನೋಡಿ, ಮಾತ್ರೆ ತಂದುಕೊಟ್ಟು, ದಿನಕ್ಕೆ ಎರಡು ಸಲ ಕಾಲು ಭಾಗ ಆಹಾರದಲ್ಲಿ ಕೊಡಿ, ಊಟ ಮಾತ್ರ ತಪ್ಪಿಸಬೇಡಿ, ಬೆಕ್ಕು ನಾಲ್ಕಾರು ದಿನ ಉಪವಾಸ ಬಿದ್ದರೆ ಲಿವರು ಕೆಡುತ್ತದೆ ಎಂದು ಹೇಳಿ ಹೋದಳು.

ಔಷಧ ಕೊಡುವುದರಲ್ಲಿ ಶರಣಬಸಮ್ಮನದು ಒಂದು ಪದ್ಧತಿ. ತನ್ನ ನಾಲಿಗೆಗೆ ಹಚ್ಚದೆ ಇನ್ನೊಬ್ಬರ ಬಾಯಿಗೆ ಹಾಕುವುದಿಲ್ಲ. ಮಗಳಿಗೂ ಹಾಗೇ ಕೊಟ್ಟವಳು. ಮಾತ್ರೆಯ ಪುಡಿಯನ್ನು ನಾಲಿಗೆಗೆ ಹಚ್ಚಿ ನೋಡಿ ಮುಖ ಕಿವುಚಿದಳು. ಬೆಲ್ಲ ಕರಗಿಸಿ, ಹಾಲು ಹಾಕಿ, ಗಟ್ಟಿಯಾಗಿ ಕುದಿಸಿ ಪುಡಿ ಬೆರೆಸಿದಳು. ರುಚಿ ನೋಡಿದಳು, ಸ್ವಲ್ಪ ಕಹಿ ಉಳಿದಿತ್ತು. ಇನ್ನಷ್ಟು ಬೆಲ್ಲ ಹಾಕಿದಳು. ಈಗ ಕಹಿಯ ಸುಳಿವೇ ಇಲ್ಲ, ನನಗೂ ಬೆರಳ ತುದಿಯಲ್ಲಿ ಕೊಟ್ಟಳು, ಪಾಯಸದ ಹಾಗಿತ್ತು. ಬೆಕ್ಕಿನ ಮುಂದೆ ಇಟ್ಟಳು. ಅದು ಒಂದು ಸಲ ನೆಕ್ಕಿತು, ಅಷ್ಟೇ. ಸಾಬೂನು ನೊರೆಯ ಹಾಗೆ ಬಾಯಿತುಂಬ ನೊರೆ ಬಂತು. ತಲೆ ಕೊಡವುತ್ತ, ಜೊಲ್ಲು ಸುರಿಸುತ್ತ ಊಟದ ಪಡಸಾಲೆಯ ನಡುವೆಯೇ ಓಡಿತು. ಪಂಕ್ತಿಯಲ್ಲಿ ಕೂತಿದ್ದ ರಾಯಚೂರಿನ ಯಾತ್ರಿಕರು ಹುಚ್ಚು ಹಿಡಿದ ಬೆಕ್ಕೆಂದು ತಟ್ಟೆ ಎತ್ತಿಕೊಂಡು ಎದ್ದುನಿಂತರು. ಅವರನ್ನು ಮತ್ತೆ ಕೂರಿಸುವಷ್ಟರಲ್ಲಿ ನನಗೆ ಸಾಕುಸಾಕಾಯಿತು.

ಅಂದಿನಿಂದ ಚೆಕಿಂಗ್ ಶರಣಬಸಮ್ಮನ ಕೈಯಿಂದ ಏನನ್ನೂ ಮುಟ್ಟಲಿಲ್ಲ. ಹಾಲಿಲ್ಲ, ತುಪ್ಪದ ಅನ್ನವಿಲ್ಲ, ಘಾಟಿಗೂ ಹೋಗಲಿಲ್ಲ. ಪ್ರಭುಲಿಂಗಯ್ಯನವರ ಮಂಚದ ಕೆಳಗೆ ಮುದುಡಿ ಕೂತಿತು. ಮಂಚದ ಮೇಲೆ ಉಣ್ಣದ ಗಂಡ, ಕೆಳಗೆ ಉಣ್ಣದ ಬೆಕ್ಕು. ಆಕೆ ಒಂದು ಕೈಯಲ್ಲಿ ತಟ್ಟೆ, ಇನ್ನೊಂದರಲ್ಲಿ ಬಟ್ಟಲು ಹಿಡಿದು ಇಬ್ಬರನ್ನೂ ಬೈದಳು. ಬೆಲ್ಲ ಸುರಿದೀನಿ, ಕಹಿ ಎಲ್ಲಿಂದ ಬಂತು ಎಂದು ಬೆಕ್ಕನ್ನು ಕೇಳಿದಳು. ಉತ್ತರ ಮಂಚದ ಮೇಲಿನಿಂದ ಬಂತು.

"ನಾ ಹೇಳಿದ್ರ ಸುಳ್ಳಂತಿ. ಬೆಕ್ಕು ಸುಳ್ಳು ಹೇಳತದೇನು?"

ದನಿ ಏರಿಸಿ ಹೇಳಿದ್ದಲ್ಲ, ದನಿ ಏರಿಸುವ ಶಕ್ತಿ ಅವರಲ್ಲಿ ಉಳಿದಿರಲಿಲ್ಲ. ಶರಣಬಸಮ್ಮ ಬಾಗಿಲ ಹೊರಗೆ ಬಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ನನಗೆ ಆಕೆಯ ಮೇಲೆ ಮರುಕ ಬಂತು, ಸಿಟ್ಟೂ ಬಂತು. ಇಬ್ಬರೂ ಹಟಮಾರಿಗಳು, ನಡುವೆ ಈ ಬೆಕ್ಕು ಬೇರೆ. ಧನ್ಯಾಗೆ ಫೋನ್ ಮಾಡಿ, ನಿಮ್ಮ ಮಾತ್ರೆಯಿಂದ ಹೀಗಾಗಿದೆ, ಬಂದು ನೋಡಿ ಎಂದು ಸ್ವಲ್ಪ ಗಡುಸಾಗಿಯೇ ಹೇಳಿದೆ.

ಧನ್ಯಾ ಸಂಜೆಯೇ ಬಂದಳು. ಮಾತ್ರೆ ಕಹಿ ಎಂದು ಮೊದಲೇ ಎಚ್ಚರಿಸಬೇಕಿತ್ತು, ನನ್ನದೇ ತಪ್ಪು ಎಂದಳು. ನೊರೆ ಬಂದದ್ದು ವಿಷದಿಂದಲ್ಲ, ಕಹಿ ಹತ್ತಿದರೆ ಬೆಕ್ಕುಗಳು ಹಾಗೇ ಮಾಡುತ್ತವೆ ಎಂದಳು. ಶರಣಬಸಮ್ಮ ಸೋಲಲಿಲ್ಲ. ತಾನು ರುಚಿ ನೋಡಿದ್ದೇನೆ, ಅಮರಯ್ಯ ನೋಡಿದ್ದಾನೆ, ಬೆಲ್ಲದಲ್ಲಿ ಕಹಿ ಮುಳುಗಿಹೋಗಿತ್ತು ಎಂದು ಎದುರು ನಿಂತಳು.

"ಅಮ್ಮ, ನೀವು ಬೆಲ್ಲ ಹಾಕಿದ್ದು ನಿಮ್ಮ ನಾಲಿಗೆಗೆ," ಎಂದಳು ಧನ್ಯಾ. "ಬೆಕ್ಕಿಗೆ ಸಿಹಿ ಅನ್ನೋದೇ ಗೊತ್ತಾಗಲ್ಲ, ಹುಟ್ಟಿದಾಗಿಂದ ಇಲ್ಲ. ನೀವು ಎಷ್ಟು ಬೆಲ್ಲ ಸುರಿದ್ರೂ ಅದರ ಬಾಯಿಗೆ ಹೋಗಿದ್ದು ಬರೀ ಮಾತ್ರೆ."

ಆಮೇಲೆ ಆಕೆ ಮಂಚದ ಅಂಚಿನಲ್ಲಿ ಕೂತು ಎಲ್ಲ ಬಿಡಿಸಿ ಹೇಳಿದಳು. ನಾಲಿಗೆಯ ಮೇಲೆ ಕಹಿಯನ್ನು ಹಿಡಿಯುವ ಕಾವಲುಗಾರರಿರುತ್ತಾರೆ, ಮನುಷ್ಯರಲ್ಲಿ ಇಪ್ಪತ್ತೈದು ಬಗೆಯವರಾದರೆ ಬೆಕ್ಕಿನಲ್ಲಿ ಅದರ ಅರ್ಧದಷ್ಟು. ಕಡಿಮೆ ಎಂದ ಮಾತ್ರಕ್ಕೆ ದಡ್ಡರಲ್ಲ, ಆದರೆ ಒಬ್ಬೊಬ್ಬರ ಕಣ್ಣು ಬೇರೆ ಬೇರೆ ಕಡೆ. ಲೋಳೆಸರದ ಕಹಿ ನಮ್ಮ ನಾಲಿಗೆಗೆ ಬಡಿಯುವಷ್ಟು ಬೆಕ್ಕಿನದಕ್ಕೆ ಬಡಿಯುವುದಿಲ್ಲವಂತೆ. ಜನ ಕುಡಿಯದಿರಲಿ ಎಂದು ಸ್ಪಿರಿಟ್ಟಿಗೆ ಬೆರೆಸುವ ಒಂದು ಕಹಿಯಿದೆ, ಅದು ಬೆಕ್ಕಿಗೇ ಹೆಚ್ಚು ಬಡಿಯುತ್ತದಂತೆ. ಪ್ರಯೋಗಶಾಲೆಗಳಲ್ಲಿ ನೋಡಿ ಬರೆದಿಟ್ಟಿದ್ದಾರೆ. ಹಾಗಾಗಿ ನಮ್ಮ ಬಾಯಲ್ಲಿ ನೋಡಿ ಬೆಕ್ಕಿನ ಬಾಯಿಗೆ ಹೀಗಿದೆ ಎಂದು ಹೇಳಲು ಬರುವುದಿಲ್ಲ.

ಪ್ರಭುಲಿಂಗಯ್ಯನವರು ದಿಂಬಿಗೆ ಒರಗಿ ಎದ್ದು ಕೂತಿದ್ದರು. ಎಷ್ಟೋ ದಿನದ ಮೇಲೆ ಅವರ ಮುಖದಲ್ಲಿ ಕುತೂಹಲ ನೋಡಿದೆ. ಬೆಕ್ಕಿನ ಮಾತು ಸರಿ, ಮನುಷ್ಯರೆಲ್ಲರ ನಾಲಿಗೆಯಾದರೂ ಒಂದೇ ಏನು ಎಂದು ಕೇಳಿದರು. ಅಲ್ಲ ಎಂದಳು ಧನ್ಯಾ. ಒಂದು ಬಗೆಯ ಕಾಗದವಿದೆ, ಕಾಲೇಜಿನಲ್ಲಿ ಹುಡುಗರಿಗೆ ಕೊಡುತ್ತೇವೆ, ಕೆಲವರಿಗೆ ವಿಪರೀತ ಕಹಿ, ಕೆಲವರಿಗೆ ಬರೀ ಕಾಗದ, ಅದು ತಂದೆತಾಯಿಯಿಂದ ಬರುವ ಗುಣ ಎಂದಳು. ಶರಣಬಸಮ್ಮ ಬಾಗಿಲಿಗೆ ಒರಗಿ ಕೇಳುತ್ತಿದ್ದವಳು, ಅಂಥ ಕಾಗದವಿದ್ದರೆ ತಂದು ತೋರಿಸು ಎಂದಳು. ಸವಾಲಿನ ದನಿ.

ಹೋಗುವ ಮೊದಲು ಧನ್ಯಾ ಬೆಕ್ಕಿಗೆ ಔಷಧ ಕೊಡುವುದನ್ನು ತೋರಿಸಿಕೊಟ್ಟಳು. ಪುಡಿಯನ್ನು ಖಾಲಿ ಕ್ಯಾಪ್ಸೂಲಿನಲ್ಲಿ ತುಂಬಿ, ಹೊರಗೆ ತುಪ್ಪ ಸವರಿ, ನಾಲಿಗೆಯ ಹಿಂಭಾಗಕ್ಕೆ ತಳ್ಳಿ ಗಂಟಲು ಸವರಿದರೆ ನುಂಗಿಬಿಡುತ್ತದೆ. ಪ್ರಭುಲಿಂಗಯ್ಯನವರ ಕೈಯಿಂದಲೇ ಮಾಡಿಸಿದಳು. ಚೆಕಿಂಗ್ ನುಂಗಿತು, ನೊರೆ ಬರಲಿಲ್ಲ, ಸ್ವಲ್ಪ ಹೊತ್ತಿಗೆ ಅವರ ಬೆರಳಿಗೆ ಉಳಿದ ತುಪ್ಪವನ್ನು ನೆಕ್ಕಿತು. ಮಾರನೆಯ ದಿನ ಅವರ ಕೈಯಿಂದ ಹಾಲು ಕುಡಿಯಿತು. ಬೆಕ್ಕಿನ ಕಂಟಕ ಅಲ್ಲಿಗೆ ಕಳೆಯಿತು, ಆದರೆ ಮಂಚದ ಮೇಲಿನವರ ತಟ್ಟೆ ಹಾಗೇ ವಾಪಸು ಬರುತ್ತಿತ್ತು.

ಎರಡು ದಿನ ಬಿಟ್ಟು ಧನ್ಯಾ ಕಾಗದ ತಂದಳು. ಬೆರಳಗಲದ ಬಿಳಿ ಪಟ್ಟಿಗಳು. ಅಡುಗೆಮನೆಯಲ್ಲೇ ಪರೀಕ್ಷೆ ನಡೆಯಿತು, ಪ್ರಭುಲಿಂಗಯ್ಯನವರನ್ನು ಕೈಹಿಡಿದು ಕೆಳಗೆ ಕರೆತಂದು ಮಣೆಯ ಮೇಲೆ ಕೂರಿಸಿದೆ. ಮೊದಲು ನಾನು ನಾಲಿಗೆಯ ಮೇಲೆ ಇಟ್ಟುಕೊಂಡೆ. ಬೇವಿನ ಎಲೆಯನ್ನು ಅರೆದು ಹಚ್ಚಿದ ಹಾಗಾಯಿತು, ಉಗುಳಲು ಓಡಿದೆ. ನಾನು ಬಾಯಿ ಮುಕ್ಕಳಿಸಿ ಬರುವಷ್ಟರಲ್ಲಿ ಪ್ರಭುಲಿಂಗಯ್ಯನವರೂ ಉಗುಳಿ, ಮುಖ ಕಿವುಚಿಕೊಂಡು ನೀರು ಕೇಳುತ್ತಿದ್ದರು. ಶರಣಬಸಮ್ಮ ಪಟ್ಟಿಯನ್ನು ಬಾಯಲ್ಲಿಟ್ಟುಕೊಂಡು ನಿಂತಿದ್ದಳು. ಈ ಗಲ್ಲದಿಂದ ಆ ಗಲ್ಲಕ್ಕೆ ಆಡಿಸಿದಳು. ಜಗಿದಳು. ಇನ್ನೊಂದು ಕೊಡು ಎಂದಳು. ನನಗೆ ಕೊಟ್ಟ ಕಟ್ಟಿನಿಂದಲೇ ಬೇಕೆಂದಳು. ಅದನ್ನೂ ಜಗಿದಳು.

ಕಾಗದ, ಬರೀ ಕಾಗದ ಎಂದಳು.

ಹತ್ತು ಊರಿನ ಜನರ ಉಪ್ಪುಖಾರಕ್ಕೆ ತೀರ್ಪು ಕೊಡುವ ನಾಲಿಗೆ! ನನಗೆ ನಗು ಬಂತು, ತಡೆದುಕೊಂಡೆ. ಆಕೆಯ ಮುಖ ನೋಡಿದರೆ ನಗುವ ಹಾಗಿರಲಿಲ್ಲ. ಬೆಕ್ಕಿಗೆ ಇದು ಹತ್ತುತ್ತದೇನು ಎಂದು ಧನ್ಯಾಳನ್ನು ಕೇಳಿದಳು. ಧನ್ಯಾ ಸ್ವಲ್ಪ ಹಿಂದುಮುಂದು ನೋಡಿ, ಇವರಿಗೆ ಹತ್ತಿದಷ್ಟಲ್ಲ, ಆದರೂ ಬೆಕ್ಕಿನ ನಾಲಿಗೆ ಹಿಡಿಯುತ್ತದಂತೆ ಎಂದಳು. ಶರಣಬಸಮ್ಮ ಒದ್ದೆಯಾದ ಪಟ್ಟಿಯನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದಳು.

"ಬೆಕ್ಕಿಗೂ ಹತ್ತತದ, ಇವರಿಗೂ ಹತ್ತತದ. ನನಗೊಬ್ಬಾಕಿಗೇ ಇಲ್ಲ," ಎಂದು ತನ್ನಷ್ಟಕ್ಕೇ ಹೇಳಿಕೊಂಡು ಗಂಡನ ಕಡೆ ತಿರುಗಿದಳು. "ಹಂಗಾದ್ರ ಹಾಗಲಕಾಯಿನೂ ನಿಮಗ ಖರೇನ ಕಹಿ ಹತ್ತಿತ್ತೇನು?"

"ಮದವಿಯಾದಾಗಿಂದ ಅದನ್ನ ಹೇಳ್ಲಾಕತ್ತೀನಲ್ಲ," ಎಂದರು ಅವರು.

ಹಾಗಲಕಾಯಿಯ ಕಹಿ ಬೇರೆ, ಕಾಗದದ ಕಹಿ ಬೇರೆ, ಇದನ್ನು ಹಿಡಿದು ಅದನ್ನು ಹೇಳಲಾಗದು ಎಂದು ಧನ್ಯಾ ವಿವರಿಸಲು ಹೋದಳು. ಶರಣಬಸಮ್ಮನ ಕಿವಿಗೆ ಅದು ಬೀಳಲಿಲ್ಲ. ಆಕೆ ಒಲೆಯ ಮುಂದೆ ಕೂತುಬಿಟ್ಟಳು. ದವಾಖಾನೆಯಲ್ಲಿ ಇವರು ಎಲ್ಲಾ ಕಹಿ ಹತ್ತತದ ಎಂದೇ ಹೇಳಿದ್ದರು, ನಾನು ಅದನ್ನು ಹಿಂದಿ ಮಾಡಲೇ ಇಲ್ಲ ಎಂದಳು. ಇಲ್ಲದ ಕಹಿಯನ್ನು ಡಾಕ್ಟರಿಗೆ ಯಾಕೆ ಹೇಳಬೇಕೆಂದು ಬಿಟ್ಟೆನೆಂದಳು. ಅಷ್ಟು ಹೇಳಿ ಅತ್ತಳು. ಪ್ರಭುಲಿಂಗಯ್ಯನವರು ಮಣೆಯ ಮೇಲೆ ಕೂತಲ್ಲಿಂದಲೇ, ಇರಲಿ ಬಿಡು ಎಂದರು.

ಧನ್ಯಾ ಅವರ ಮಾತ್ರೆಗಳನ್ನು ತರಿಸಿ ನೋಡಿದಳು. ತಾನು ದನಕರುಗಳ ಡಾಕ್ಟರು, ಇದರಲ್ಲಿ ಕೈಹಾಕುವುದಿಲ್ಲ, ಆದರೆ ಕೆಲವು ಮಾತ್ರೆಗಳಿಂದ ಬಾಯಿರುಚಿ ಕೆಡುವುದುಂಟು, ನಾಳೆಯೇ ಹೋಗಿ ಈ ಕಹಿಯ ವಿಷಯ ಹೇಳಿ, ನೀವಾಗಿ ನಿಲ್ಲಿಸಬೇಡಿ ಎಂದಳು.

ಈ ಸಲ ನಾನೂ ಹೋದೆ. ಬ್ಯಾಟರಿ ರಿಕ್ಷಾ ಟೋಟೋದಲ್ಲಿ ಮೂವರೂ ಒತ್ತಿಕೊಂಡು ಕೂತು ಲಂಕಾಕ್ಕೆ ಹೋದೆವು. ನನಗೆ ಹಿಂದಿ ಶರಣಬಸಮ್ಮನಿಗಿಂತ ಚೆನ್ನಾಗಿ ಬರುತ್ತದೆ, ಇಲ್ಲೇ ಹುಟ್ಟಿದವನು, ನಾನೇ ಹೇಳಲೇ ಎಂದು ಕೇಳಿದೆ. ಬೇಡ ಎಂದಳು.

ಡಾಕ್ಟರ ಎದುರು ಸ್ಟೂಲಿನ ಮೇಲೆ ಪ್ರಭುಲಿಂಗಯ್ಯನವರು, ಹಿಂದೆ ಆಕೆ. ಆಕೆ ಮೊದಲು ಬಗ್ಗಿ ಗಂಡನನ್ನು ಕೇಳಿದಳು. ಅವರು ಹೇಳಿದ್ದಷ್ಟನ್ನೂ ಕೇಳಿಸಿಕೊಂಡು, ಪೆಟ್ಟಿಗೆಯಿಂದ ಒಂದೊಂದೇ ವಸ್ತು ತೆಗೆದಿಡುವ ಹಾಗೆ ಹಿಂದಿಯಲ್ಲಿ ಹೇಳಿದಳು.

"ಯೇ ಕಹ್ತೇ ಹೈಂ, ಸಬ್ ಕಡ್ವಾ ಲಗ್ತಾ ಹೈ. ರೋಟೀ ಭೀ, ಪಾನೀ ಭೀ."

ಎಲ್ಲಾ ಕಹಿ, ರೊಟ್ಟಿಯೂ ನೀರೂ ಎಂದು ಅವರು ಹೇಳಿದ್ದಷ್ಟೇ, ತನ್ನ ಮಾತು ಒಂದನ್ನೂ ಸೇರಿಸಲಿಲ್ಲ. ಯಾವಾಗಿನಿಂದ ಎಂದು ಡಾಕ್ಟರು ಕೇಳಿದರು. ಆಕೆ ಮತ್ತೆ ಬಗ್ಗಿ ಗಂಡನನ್ನು ಕೇಳಿದಳು. ಒತ್ತಡದ ಮಾತ್ರೆ ಶುರು ಮಾಡಿದ ಮೇಲೆ ಎಂದು ಅವರೆಂದರು, ಆಕೆ ಹಾಗೇ ಹೇಳಿದಳು. ಡಾಕ್ಟರು ಮಾತ್ರೆಯ ಪಟ್ಟಿಯನ್ನು ತಿರುಗಿಸಿ ನೋಡಿ, ಇದು ಕೆಲವರಿಗೆ ಹೀಗೆ ಮಾಡುತ್ತದೆ, ಬದಲಿಸಿ ನೋಡೋಣ ಎಂದು ಬೇರೆ ಬರೆದರು. ಬರೆಯುತ್ತಲೇ, ಕಳೆದ ಸಲ ಇವರು ಯಾಕೆ ಇದನ್ನು ಹೇಳಲಿಲ್ಲ ಎಂದು ಕೇಳಿದರು.

"ಇನ್ಹೋನೇ ಕಹಾ ಥಾ," ಎಂದಳು ಶರಣಬಸಮ್ಮ. "ಮೈನೇ ನಹೀಂ ಕಹಾ."

ಇವರು ಹೇಳಿದ್ದರು, ಹೇಳದವಳು ನಾನು. ಡಾಕ್ಟರು ಒಮ್ಮೆ ತಲೆಯೆತ್ತಿ ಆಕೆಯನ್ನು ನೋಡಿ ಚೀಟಿ ಹರಿದುಕೊಟ್ಟರು. ಪ್ರಭುಲಿಂಗಯ್ಯನವರಿಗೆ ಅರ್ಥವಾಗಿರಲಿಲ್ಲ. ಹೊರಗೆ ಬಂದು, ಏನಂದಿ ಎಂದು ಕೇಳಿದರು. ಗುಳಿಗಿ ಬದಲು ಮಾಡ್ಯಾರ ಎಂದಷ್ಟೇ ಹೇಳಿ ಆಕೆ ಅವರ ಕೈ ಹಿಡಿದು ಟೋಟೋ ಹತ್ತಿಸಿದಳು.

ಕಹಿ ಒಮ್ಮೆಲೇ ಹೋಗಲಿಲ್ಲ. ಮೊದಲು ನೀರಿನದು ಹೋಯಿತು, ಆಮೇಲೆ ಹಾಲಿನದು. ಆ ದಿನಗಳಲ್ಲಿ ಶರಣಬಸಮ್ಮ ಗಂಡನ ತಟ್ಟೆಗೆ ಕೈಹಾಕಿ ರುಚಿ ನೋಡುವುದನ್ನು ಬಿಟ್ಟಳು. ಅವರು ಬಿಟ್ಟದ್ದನ್ನು ಮಾತಿಲ್ಲದೆ ಒಳಗೆ ಒಯ್ಯುತ್ತಿದ್ದಳು. ಆ ತಟ್ಟೆ ಒಯ್ಯುವಾಗ ಆಕೆಯ ಮುಖವನ್ನು ನಾನು ನೋಡಲು ಹೋಗುತ್ತಿರಲಿಲ್ಲ. ಹೊಸ ಮಾತ್ರೆಯೂ ಕೈಕೊಟ್ಟರೆ ಏನು ಗತಿ ಎಂಬ ಭಯ ನಮ್ಮಿಬ್ಬರಲ್ಲೂ ಇತ್ತು.

ಶಿವರಾತ್ರಿಗೆ ಸ್ವಲ್ಪ ಮೊದಲು ವಿಜಯಪುರದ ಕಡೆಯ ಒಂದು ದೊಡ್ಡ ತಂಡ ಬಂದಿಳಿಯಿತು. ಪಡಸಾಲೆ ತುಂಬಿ ಹೊರಗಿನ ಕಟ್ಟೆಯ ಮೇಲೂ ಪಂಕ್ತಿ ಹಾಕಿದೆವು. ಬೆಳಿಗ್ಗೆ ಗಂಗೆಯಲ್ಲಿ ಒಬ್ಬಾತ ಹಾಗಲಕಾಯಿ ಬಿಟ್ಟನೆಂದು ಅವರವರಲ್ಲೇ ಗೇಲಿ ನಡೆದಿತ್ತು. ಬಡಿಸುತ್ತಿದ್ದ ಶರಣಬಸಮ್ಮ ಅಲ್ಲೇ ನಿಂತು, ನಗಬ್ಯಾಡ್ರಿ, ಅವರ ಬಾಯಿ ಅವರಿಗೇ ಗೊತ್ತು ಎಂದು ಹೇಳಿ ಮುಂದೆ ಹೋದಳು. ಪಂಕ್ತಿಯ ಕೊನೆಯಲ್ಲಿ, ಮಂಚ ಹಿಡಿದ ಮೇಲೆ ಮೊದಲ ಸಲ ಊಟಕ್ಕೆ ಕೆಳಗೆ ಬಂದು, ಪ್ರಭುಲಿಂಗಯ್ಯನವರು ಕೂತಿದ್ದರು. ತೊಡೆಗೆ ಒತ್ತಿಕೊಂಡು ಚೆಕಿಂಗ್.

ರೊಟ್ಟಿ, ಬೇಳೆಯ ಪಲ್ಯ, ಸಾರು ಬಡಿಸಿ ಆಕೆ ಮುಂದೆ ಹೋಗಲಿಲ್ಲ. ಅವರು ಮೊದಲ ತುತ್ತು ಬಾಯಿಗಿಡುವವರೆಗೆ ನಿಂತಳು. ಆಮೇಲೆ ಕೇಳಿದಳು.

"ನಿಮಗ ಹೆಂಗ ಹತ್ತತದ್ರಿ?"

ಆಕೆ ಈ ಪ್ರಶ್ನೆಯನ್ನು ಯಾರಿಗೂ ಕೇಳಿದ್ದನ್ನು ನಾನು ಕೇಳಿರಲಿಲ್ಲ. ಪ್ರಭುಲಿಂಗಯ್ಯನವರು ನಿಧಾನವಾಗಿ ಜಗಿದರು. ಅವರಿಗೆ ಕಹಿ ಎನ್ನುವುದು ಎಷ್ಟು ಕಷ್ಟವಾಗಿತ್ತೋ ಈಗಿನ ಮಾತೂ ಅಷ್ಟೇ ಕಷ್ಟ ಎಂಬಂತೆ ಆಕೆಯ ಮುಖ ನೋಡಿದರು.

"ಕಹಿ ಇಲ್ಲ," ಎಂದರು. "ಉಪ್ಪು ಕಮ್ಮಿ ಅದ."

ಪಕ್ಕದಲ್ಲಿದ್ದ ನಾಲ್ಕಾರು ಮಂದಿ ಉಣ್ಣುವುದನ್ನು ನಿಲ್ಲಿಸಿದರು. ನಾನೂ ಸಾರಿನ ಬಕೆಟ್ ಹಿಡಿದು ನಿಂತೆ. ನನಗೆ ಸಾರಿನಲ್ಲಿ ಉಪ್ಪು ಸರಿಯಾಗಿಯೇ ಇತ್ತು, ಎಲ್ಲರಿಗೂ ಸರಿಯಾಗಿಯೇ ಇತ್ತು. ಶರಣಬಸಮ್ಮ ಅಂಗೈ ಚಾಚಲಿಲ್ಲ, ನೆಕ್ಕಿ ನೋಡಲಿಲ್ಲ. ಒಳಗೆ ಹೋಗಿ ಉಪ್ಪಿನ ಬಟ್ಟಲು ತಂದು ಅವರ ತಟ್ಟೆಯ ಪಕ್ಕ ಇಟ್ಟು, ಬಾಗಿಲ ಹತ್ತಿರ ಹೋಗಿ ನಿಂತಳು. ಅವರು ಒಂದು ಚಿಟಿಕೆ ಹಾಕಿಕೊಂಡು ಕಲಸಿ, ತಲೆ ತಗ್ಗಿಸಿ ಉಂಡರು. ರೊಟ್ಟಿ ಮುಗಿಸಿದರು, ಪಲ್ಯ ಮುಗಿಸಿದರು. ಆಮೇಲೆ ತಟ್ಟೆಗೆ ನೀರು ಹಾಕಿ, ಬೆರಳಿನಿಂದ ಸುತ್ತಲೂ ತೊಳೆದು, ಎರಡೂ ಕೈಯಲ್ಲಿ ಎತ್ತಿ ಕುಡಿದರು.